ಮೊಮ್ಮಗನೆಂಬ ಅಡ್ಡಹೆಸರು: ಓಬ್ರಿಯನ್ ಮನೆತನದ ಸಾವಿರ ವರ್ಷ

ಓಬ್ರಿಯನ್ ಎಂಬ ಐರಿಷ್ ಅಡ್ಡಹೆಸರಿಗೆ ‘ಬ್ರಿಯನ್‌ನ ಮೊಮ್ಮಗ’ ಎಂದರ್ಥ. ಈ ಬ್ರಿಯನ್ ಪುರಾಣದ ಮೂಲಪುರುಷನಲ್ಲ. 1014ರ ಏಪ್ರಿಲ್ 23ರ ಶುಭ ಶುಕ್ರವಾರದಂದು ಡಬ್ಲಿನ್ ಪಕ್ಕದ ಕ್ಲಾಂಟಾರ್ಫ್ ಕಾಳಗದಲ್ಲಿ ಮಡಿದ ಐರ್ಲೆಂಡಿನ ರಾಜಾಧಿರಾಜ ಬ್ರಿಯನ್ ಬೊರು ಅವನು. ಅವನನ್ನು ನಿಜಕ್ಕೂ ಅಜ್ಜ ಎಂದು ಕರೆಯಬಹುದಾಗಿದ್ದ ಮಕ್ಕಳ ತಲೆಮಾರು ಹನ್ನೊಂದನೆಯ ಶತಮಾನದಲ್ಲೇ ಮುಗಿದುಹೋಯಿತು. ಅವರನ್ನು ಗುರುತಿಸಲು ಬಳಸಿದ ಮಾತು ಮಾತ್ರ ಉಳಿಯಿತು. ಅದು ಮರಿಮಕ್ಕಳಿಗೆ ಇಳಿಯಿತು, ಅವರ ಮಕ್ಕಳಿಗೂ ಇಳಿಯಿತು, ಕೊನೆಗೆ ಸಮುದ್ರ ದಾಟಿ ಅಮೆರಿಕ, ಆಸ್ಟ್ರೇಲಿಯಾ, ಕೋಲ್ಕತ್ತದವರೆಗೂ ಹೋಯಿತು. ಒಂದು ನೆಂಟಸ್ತಿಕೆಯನ್ನು ಹೇಳುವ ಪದ ಅಡ್ಡಹೆಸರಾಗಿ ಗಟ್ಟಿಯಾಗುವುದು ಹೇಗೆ, ರಾಜ್ಯ ಹೋದ ಮೇಲೂ ಅದು ಬಾಳುವುದು ಹೇಗೆ ಎಂಬುದಕ್ಕೆ ಓಬ್ರಿಯನ್ ಮನೆತನದ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನಗಳು ಯುರೋಪಿನಲ್ಲಿ ಕಡಿಮೆ.

ಅಡ್ಡಹೆಸರಿಲ್ಲದ ಕಾಲ

ಹತ್ತನೆಯ ಶತಮಾನಕ್ಕೆ ಮುಂಚೆ ಐರ್ಲೆಂಡಿನಲ್ಲಿ ವಂಶಪಾರಂಪರ್ಯವಾಗಿ ಬರುವ ಅಡ್ಡಹೆಸರು ಇರಲಿಲ್ಲ. ಒಬ್ಬನನ್ನು ಗುರುತಿಸಲು ಅವನ ತಂದೆಯ ಹೆಸರು ಸಾಕಾಗುತ್ತಿತ್ತು. ‘ಮ್ಯಾಕ್’ ಎಂದರೆ ಮಗ. ಅಜ್ಜ ಹೆಚ್ಚು ಹೆಸರುವಾಸಿಯಾಗಿದ್ದರೆ ಅಜ್ಜನ ಹೆಸರಿನ ಹಿಂದೆ ಮೊಮ್ಮಗ ಎಂಬ ಅರ್ಥದ ‘ಉಅ’ ಎಂಬ ಪದವನ್ನು ಸೇರಿಸುತ್ತಿದ್ದರು. ಈ ‘ಉಅ’ವೇ ಮುಂದೆ ಸವೆದು ‘ಓ’ ಆಯಿತು. ತಲೆಮಾರು ಬದಲಾದಾಗ ಹೆಸರೂ ಬದಲಾಗುತ್ತಿತ್ತು. ಮಗನ ಹೆಸರಿನ ಜೊತೆ ತಂದೆಯ ಹೆಸರು, ಅವನ ಮಗನ ಜೊತೆ ಇನ್ನೊಂದು ಹೆಸರು. ಇದಕ್ಕಿಂತ ದೊಡ್ಡ ಗುರುತು ಬೇಕಾದಾಗ ಕುಲದ ಹೆಸರು ಇರುತ್ತಿತ್ತು. ಆದರೆ ಅದು ಸಾವಿರಾರು ಜನರಿಗೆ ಸೇರಿದ್ದು, ಒಂದು ಮನೆಗೆ ಸೇರಿದ್ದಲ್ಲ.

ಹತ್ತು ಮತ್ತು ಹನ್ನೊಂದನೆಯ ಶತಮಾನಗಳಲ್ಲಿ ಈ ಪದ್ಧತಿ ಬದಲಾಯಿತು. ಪಟ್ಟ, ಭೂಮಿ, ಮಠದ ಅಧಿಕಾರ ಇವುಗಳ ಮೇಲೆ ಹಕ್ಕು ಸಾಧಿಸಬೇಕಾದ ಕುಟುಂಬಗಳಿಗೆ, ತಾವು ಇಂಥ ದೊರೆಯ ನೇರ ಸಂತತಿ ಎಂದು ಸದಾ ಸಾರುವ ಹೆಸರು ಬೇಕಾಯಿತು. ಆಗ ಮೊಮ್ಮಗನನ್ನು ಸೂಚಿಸುವ ಪದ ಮೊಮ್ಮಗನ ಬಳಿ ನಿಲ್ಲದೆ ಮುಂದುವರಿಯಿತು. ಐರಿಷ್ ವರ್ಷವೃತ್ತಾಂತಗಳಲ್ಲಿ 916ರಲ್ಲಿ ತೀರಿಕೊಂಡ ಓಕ್ಲೇರಿ ಮನೆತನದ ಒಬ್ಬ ದೊರೆಯ ಹೆಸರನ್ನು ಇಂಥ ಅಡ್ಡಹೆಸರಿನ ಅತಿ ಹಳೆಯ ಉದಾಹರಣೆಗಳಲ್ಲಿ ಒಂದೆಂದು ಉಲ್ಲೇಖಿಸುತ್ತಾರೆ. 919ರಲ್ಲಿ ಯುದ್ಧದಲ್ಲಿ ಸತ್ತ ರಾಜ ನೀಲ್‌ನಿಂದ ಓನೀಲ್ ಮನೆತನ ಹುಟ್ಟಿತು. ಯುರೋಪಿನಲ್ಲೇ ಬಹಳ ಬೇಗ ಅಡ್ಡಹೆಸರಿನ ಪದ್ಧತಿ ಬೇರೂರಿದ ನಾಡುಗಳಲ್ಲಿ ಐರ್ಲೆಂಡ್ ಒಂದು. ಓಬ್ರಿಯನ್ ಆ ಮೊದಲ ಫಸಲಿನ ಹೆಸರು.

ಮೂಲಪುರುಷ

ಬ್ರಿಯನ್ ಹುಟ್ಟಿದ್ದು ಸುಮಾರು 941ರಲ್ಲಿ, ಶಾನನ್ ನದಿಯ ಕೆಳದಂಡೆಯ ಸೀಮೆಯಲ್ಲಿ. ತಂದೆ ಕೆನ್ನೇಟಿಗ್. ಅವರ ಕುಲ ದಾಲ್ ಗಾಶ್, ಈಗಿನ ಕ್ಲೇರ್ ಜಿಲ್ಲೆ ಮತ್ತು ಸುತ್ತಲ ಪ್ರದೇಶದ್ದು. ದಕ್ಷಿಣ ಐರ್ಲೆಂಡಿನ ಮನ್‌ಸ್ಟರ್ ಪ್ರಾಂತ್ಯವನ್ನು ಶತಮಾನಗಳಿಂದ ಓಗನಾಖ್ತಾ ಎಂಬ ಇನ್ನೊಂದು ಕುಲ ಕ್ಯಾಶಲ್ ಬಂಡೆಯ ಮೇಲಿನ ಕೋಟೆಯಿಂದ ಆಳುತ್ತಿತ್ತು. ಅವರ ಎದುರು ದಾಲ್ ಗಾಶ್ ಚಿಕ್ಕ ಪಾಳೆಯಗಾರರ ಪಂಗಡವಷ್ಟೇ. ಆದರೆ ಅವರ ಹಳ್ಳಿಗಳ ಪಕ್ಕದಲ್ಲೇ ಶಾನನ್ ನದಿ ಹರಿಯುತ್ತಿತ್ತು, ನದಿಯ ಮುಖದಲ್ಲಿ ವೈಕಿಂಗರ ಲಿಮರಿಕ್ ಪಟ್ಟಣವಿತ್ತು. ಆ ನೀರಿನ ದಾರಿಯ ಮೇಲಿನ ಹಿಡಿತವೇ ಈ ಕುಲದ ಬೆಳವಣಿಗೆಗೆ ನೆರವಾಯಿತು.

ಬ್ರಿಯನ್‌ನ ಅಣ್ಣ ಮಹೋನ್ ಕ್ಯಾಶಲನ್ನು ವಶಪಡಿಸಿಕೊಂಡು ಲಿಮರಿಕ್ಕಿನ ವೈಕಿಂಗರನ್ನು ಮಣಿಸಿದ. 976ರಲ್ಲಿ ಶತ್ರುಗಳು ಮಹೋನನನ್ನು ಕೊಂದರು. ಬ್ರಿಯನ್ ಎರಡೇ ವರ್ಷದಲ್ಲಿ ಕೊಲೆಗಾರರನ್ನು ಸೋಲಿಸಿ ಮನ್‌ಸ್ಟರಿನ ರಾಜನಾದ. ಮುಂದಿನ ಇಪ್ಪತ್ತು ವರ್ಷ ಅವನ ಎದುರಾಳಿ ಉತ್ತರದ ರಾಜಾಧಿರಾಜ ಮೆಲಾಕಿ. ಇಬ್ಬರೂ 997ರಲ್ಲಿ ಐರ್ಲೆಂಡನ್ನು ಪಾಲು ಮಾಡಿಕೊಂಡರು. 1002ರಲ್ಲಿ ಮೆಲಾಕಿ ಪಟ್ಟ ಬಿಟ್ಟುಕೊಟ್ಟಾಗ, ಅದುವರೆಗೆ ಬಹುಪಾಲು ಓನೀಲರ ಪೂರ್ವಜರ ಕುಲದ ಸ್ವತ್ತಾಗಿದ್ದ ರಾಜಾಧಿರಾಜ ಪದವಿ ಮೊದಲ ಬಾರಿಗೆ ದಾಲ್ ಗಾಶ್ ಕುಲದವನ ಕೈಸೇರಿತು. 1005ರಲ್ಲಿ ಬ್ರಿಯನ್ ಐರ್ಲೆಂಡಿನ ಧಾರ್ಮಿಕ ರಾಜಧಾನಿ ಅರ್ಮಾಗೆ ಹೋಗಿ ಅಲ್ಲಿನ ಬಲಿಪೀಠದ ಮೇಲೆ 20 ಔನ್ಸ್ ಚಿನ್ನ ಇಟ್ಟ. ಅವನ ಜೊತೆಗಿದ್ದ ಬರಹಗಾರ ಅಲ್ಲಿನ ಪವಿತ್ರ ಹಸ್ತಪ್ರತಿಯಲ್ಲಿ ಬ್ರಿಯನ್‌ನನ್ನು ಐರಿಷರ ಚಕ್ರವರ್ತಿ ಎಂದು ಲ್ಯಾಟಿನ್ನಿನಲ್ಲಿ ದಾಖಲಿಸಿದ. ಆ ಹಸ್ತಪ್ರತಿ, ಆ ಸಾಲಿನ ಸಮೇತ, ಇಂದೂ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ.

‘ಬೊರು’ ಎಂಬ ಬಿರುದಿಗೆ ಎರಡು ವಿವರಣೆಗಳಿವೆ. ದನಕರುಗಳ ರೂಪದಲ್ಲಿ ಕಪ್ಪ ವಸೂಲಿ ಮಾಡಿದವನು ಎಂಬುದು ಒಂದು. ಕಿಲ್ಲಲೂ ಊರಿನ ಬಳಿ ಶಾನನ್ ದಂಡೆಯ ಮೇಲಿದ್ದ ‘ಬೇಲ್ ಬೊರು’ ಕೋಟೆಯಿಂದ ಬಂದದ್ದು ಎಂಬುದು ಇನ್ನೊಂದು. ‘ಬ್ರಿಯನ್’ ಎಂಬ ಹೆಸರನ್ನು ಎತ್ತರ, ಹಿರಿಮೆ ಎಂಬ ಅರ್ಥದ ಹಳೆಯ ಕೆಲ್ಟಿಕ್ ಧಾತುವಿಗೆ ಜೋಡಿಸುವುದು ವಾಡಿಕೆ.

ಕ್ಲಾಂಟಾರ್ಫಿನಲ್ಲಿ ಬ್ರಿಯನ್‌ನ ಎದುರು ನಿಂತವರು ಲೆನ್‌ಸ್ಟರ್ ಪ್ರಾಂತ್ಯದ ಐರಿಷ್ ರಾಜ, ಡಬ್ಲಿನ್ನಿನ ವೈಕಿಂಗರು ಮತ್ತು ಸಮುದ್ರದಾಚೆಯಿಂದ ಬಂದ ಅವರ ಮಿತ್ರರು. ಬ್ರಿಯನ್‌ನ ಸೈನ್ಯ ಗೆದ್ದಿತು. ಆದರೆ ಎಪ್ಪತ್ತು ದಾಟಿದ ಮುದಿ ರಾಜ ಸತ್ತ, ಹಿರಿಯ ಮಗ ಮರ್ಖಾ ಸತ್ತ, ಮರ್ಖಾನ ಮಗನೂ ಸತ್ತ. ಒಂದೇ ದಿನದಲ್ಲಿ ಮೂರು ತಲೆಮಾರು ಮಣ್ಣಾಯಿತು. ಬ್ರಿಯನ್‌ನನ್ನು ಅರ್ಮಾದಲ್ಲಿ ಸಮಾಧಿ ಮಾಡಿದರು.

ಮಾತು ಹೆಸರಾದದ್ದು

ಉಳಿದ ಮಕ್ಕಳಲ್ಲಿ ಡೊನ್ನಖ ಮತ್ತು ಟೈಗ್ ಪಟ್ಟಕ್ಕಾಗಿ ಕಾದಾಡಿದರು. 1023ರಲ್ಲಿ ಟೈಗ್ ಕೊಲೆಯಾದ. ಅದರ ಹಿಂದೆ ಡೊನ್ನಖನ ಕೈವಾಡವಿತ್ತು. ಟೈಗ್‌ನ ಮಗ ಟರ್ಲೋ ಲೆನ್‌ಸ್ಟರ್ ರಾಜನ ಬೆಂಬಲ ಪಡೆದು, ನಲವತ್ತು ವರ್ಷಗಳ ನಂತರ ಚಿಕ್ಕಪ್ಪನನ್ನು ಪದಚ್ಯುತಗೊಳಿಸಿದ. ಡೊನ್ನಖ ರೋಮಿಗೆ ಯಾತ್ರೆ ಹೋಗಿ 1064ರಲ್ಲಿ ಅಲ್ಲೇ ಪ್ರಾಣಬಿಟ್ಟ.

ಅಡ್ಡಹೆಸರಿನ ಹುಟ್ಟು ಇರುವುದು ಇಲ್ಲಿಯೇ. ಟರ್ಲೋನನ್ನು ದಾಖಲೆಗಳು ‘ಉಅ ಬ್ರಿಯಿನ್’ ಎಂದು ಕರೆಯುತ್ತವೆ. ಅವನ ವಿಷಯದಲ್ಲಿ ಆ ಮಾತು ಅಕ್ಷರಶಃ ಸತ್ಯ, ಅವನು ಬ್ರಿಯನ್‌ನ ಮಗನ ಮಗ. ಅವನಿಗೆ ಆ ಹೆಸರಿನ ಅಗತ್ಯವೂ ಇತ್ತು. ತಂದೆ ಟೈಗ್ ರಾಜಾಧಿರಾಜನಾಗಿರಲಿಲ್ಲ, ದಾಯಾದಿ ಕಲಹದಲ್ಲಿ ಸತ್ತವನು. ಪಟ್ಟದ ಹಕ್ಕು ಬರುವುದು ಅಜ್ಜನಿಂದ. 1086ರಲ್ಲಿ ಟರ್ಲೋ ಸತ್ತಾಗ ಅವನ ಮಗ ಮರ್ಟಾ ಅಧಿಕಾರಕ್ಕೆ ಬಂದ. ಮರ್ಟಾ ಬ್ರಿಯನ್‌ನ ಮೊಮ್ಮಗನಲ್ಲ, ಮರಿಮಗ. ಆದರೂ ಅವನು ‘ಉಅ ಬ್ರಿಯಿನ್’ ಎಂಬ ಹೆಸರನ್ನೇ ಉಳಿಸಿಕೊಂಡ. ತಂದೆಯಿಂದ ಮಗನಿಗೆ ಆ ಹೆಸರು ಬದಲಾಗದೆ ಇಳಿದಾಗ ನೆಂಟಸ್ತಿಕೆಯ ಪದ ಮನೆತನದ ಹೆಸರಾಯಿತು.

ಮರ್ಟಾ ಓಬ್ರಿಯನ್ ತನ್ನ ಕಾಲದ ಐರ್ಲೆಂಡಿನ ಅತ್ಯಂತ ಬಲಿಷ್ಠ ದೊರೆ. 1101ರಲ್ಲಿ ಕ್ಯಾಶಲ್ ಬಂಡೆಯನ್ನು ಚರ್ಚಿಗೆ ದಾನ ಮಾಡಿದ. ಔದಾರ್ಯದ ಜೊತೆಗೆ ಅದು ಜಾಣ ರಾಜಕೀಯವೂ ಹೌದು, ಏಕೆಂದರೆ ಹಳೆಯ ಎದುರಾಳಿ ಕುಲದ ಸಿಂಹಾಸನವೇ ಅದರಿಂದ ಇಲ್ಲವಾಯಿತು. 1111ರಲ್ಲಿ ರಾಬ್ರೆಸಲ್ ಎಂಬಲ್ಲಿ ನಡೆದ ಧರ್ಮಸಭೆಗೆ ಆಸರೆ ಕೊಟ್ಟ. ಐರ್ಲೆಂಡಿನ ಚರ್ಚು ಧರ್ಮಪ್ರಾಂತ್ಯಗಳಾಗಿ ಹಂಚಿಕೆಯಾದದ್ದು ಆ ಸಭೆಯಲ್ಲಿ. ಒಬ್ಬ ಮಗಳನ್ನು ನಾರ್ವೆಯ ರಾಜನ ಮಗನಿಗೆ, ಇನ್ನೊಬ್ಬಳನ್ನು ನಾರ್ಮನ್ ಸರದಾರನಿಗೆ ಮದುವೆ ಮಾಡಿಕೊಟ್ಟ. 1105ರಲ್ಲಿ ಸ್ಕಾಟ್ಲೆಂಡಿನ ರಾಜ ಅವನಿಗೆ ಒಂದು ಒಂಟೆಯನ್ನು ಉಡುಗೊರೆಯಾಗಿ ಕಳಿಸಿದನೆಂದು ವರ್ಷವೃತ್ತಾಂತ ಬರೆದಿಟ್ಟಿದೆ.

ಐರಿಷರು ಮತ್ತು ವೈಕಿಂಗರ ಯುದ್ಧಗಳನ್ನು ವರ್ಣಿಸುವ ಪ್ರಸಿದ್ಧ ಗದ್ಯಕೃತಿಯೊಂದು ಹನ್ನೆರಡನೆಯ ಶತಮಾನದ ಆರಂಭದಲ್ಲಿ ಈ ಮನೆತನದ ಕೀರ್ತಿಗಾಗಿಯೇ ರಚಿತವಾಯಿತು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಬ್ರಿಯನ್ ಎಂದರೆ ಪರಕೀಯರನ್ನು ಓಡಿಸಿದ ರಾಷ್ಟ್ರವೀರ ಎಂಬ ಚಿತ್ರ ಬಲಗೊಂಡದ್ದು ಆ ಕೃತಿಯಿಂದ. ಆದರೆ ವಾಸ್ತವದಲ್ಲಿ ಕ್ಲಾಂಟಾರ್ಫಿನಲ್ಲಿ ಐರಿಷರು ಎರಡೂ ಕಡೆ ಇದ್ದರು, ವೈಕಿಂಗರೂ ಇದ್ದರು. ಬ್ರಿಯನ್ ತನ್ನ ಮಗಳನ್ನು ಡಬ್ಲಿನ್ನಿನ ವೈಕಿಂಗ್ ದೊರೆ ಸಿಟ್ರಿಕ್‌ಗೆ ಕೊಟ್ಟಿದ್ದ. ಅಜ್ಜನಿಂದ ಮೊಮ್ಮಕ್ಕಳಿಗೆ ಹೆಸರು ಬಂದರೆ, ಅಜ್ಜನಿಗೆ ಇಂದಿನ ಕೀರ್ತಿಯನ್ನು ತಂದುಕೊಟ್ಟವರು ಮರಿಮಕ್ಕಳು.

ಥೋಮಂಡಿನ ದೊರೆಗಳು

1118ರಲ್ಲಿ ಕನಾಟ್ ಪ್ರಾಂತ್ಯದ ಟರ್ಲೋ ಓಕಾನರ್ ಮನ್‌ಸ್ಟರನ್ನು ಎರಡಾಗಿ ಒಡೆದ. ದಕ್ಷಿಣದ ಡೆಸ್ಮಂಡ್ ಓಗನಾಖ್ತಾ ಕುಲದ ಮೆಕಾರ್ತಿಗಳಿಗೆ ಹೋಯಿತು, ಉತ್ತರದ ಥೋಮಂಡ್ ಓಬ್ರಿಯನ್ನರಿಗೆ ಉಳಿಯಿತು. ಥೋಮಂಡ್ ಎಂಬ ಹೆಸರಿನ ಅರ್ಥವೇ ಉತ್ತರ ಮನ್‌ಸ್ಟರ್. ಮುಂದೆ ನಾಲ್ಕು ಶತಮಾನ ಈ ಮನೆತನದ ಚರಿತ್ರೆ ಎಂದರೆ ಥೋಮಂಡಿನ ಚರಿತ್ರೆ.

ಇಂಗ್ಲೆಂಡಿನ ಎರಡನೆಯ ಹೆನ್ರಿ 1171ರಲ್ಲಿ ಐರ್ಲೆಂಡಿಗೆ ಬಂದಿಳಿದಾಗ ಥೋಮಂಡಿನ ದೊರೆ ಡೊನಾಲ್ ಮೋರ್ ಓಬ್ರಿಯನ್ ಅವನಿಗೆ ಶರಣಾದ. ಮೂರೇ ವರ್ಷದಲ್ಲಿ, 1174ರಲ್ಲಿ, ಥರ್ಲ್ಸ್ ಬಳಿ ನಾರ್ಮನ್ ಸೈನ್ಯವನ್ನು ಸೋಲಿಸಿದ. ಲಿಮರಿಕ್ಕಿನ ಸೇಂಟ್ ಮೇರಿ ಮಹಾದೇವಾಲಯವನ್ನು ತನ್ನ ಅರಮನೆಯ ಜಾಗದಲ್ಲಿ ಕಟ್ಟಿಸಿದವನೆಂದು ಅವನನ್ನು ಇಂದಿಗೂ ನೆನೆಯುತ್ತಾರೆ. 1194ರಲ್ಲಿ ಅವನು ಸತ್ತ ಮೇಲೆ ಲಿಮರಿಕ್ ನಾರ್ಮನರ ಪಾಲಾಯಿತು. ಓಬ್ರಿಯನ್ನರ ಗದ್ದುಗೆ ಕ್ಲೇರ್ ಸೀಮೆಯ ಎನ್ನಿಸ್ ಬಳಿಯ ಕ್ಲೋನ್‌ರೋಡಿಗೆ ಸರಿಯಿತು. ಬರ್ರೆನ್ ಎಂಬ ಸುಣ್ಣಕಲ್ಲಿನ ಬಯಲಿನ ಕಾರ್ಕಮ್ರೋ ಮಠದಲ್ಲಿ, 1268ರಲ್ಲಿ ಕೊಲೆಯಾದ ಕಾನರ್ ಓಬ್ರಿಯನ್‌ನ ಮಲಗಿದ ಭಂಗಿಯ ಕಲ್ಲಿನ ಮೂರ್ತಿ ಇದೆ. ತಲೆಯ ಮೇಲೆ ಕಿರೀಟವಿದೆ. ಐರಿಷ್ ದೊರೆಗಳ ಇಂಥ ಸಮಾಧಿ ಶಿಲ್ಪಗಳು ಉಳಿದಿರುವುದು ಬೆರಳೆಣಿಕೆಯಷ್ಟು.

ಥೋಮಂಡನ್ನು ಇಂಗ್ಲೆಂಡಿನ ರಾಜ ಡಿ ಕ್ಲೇರ್ ಎಂಬ ನಾರ್ಮನ್ ಮನೆತನಕ್ಕೆ ಜಹಗೀರಾಗಿ ಬರೆದುಕೊಟ್ಟಿದ್ದ. ಆ ಮನೆತನ ಓಬ್ರಿಯನ್ ದಾಯಾದಿಗಳನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ನೆಲ ಗಳಿಸಲು ನೋಡಿತು. 1318ರ ಮೇ 10ರಂದು ಡೈಸರ್ಟ್ ಓಡೀ ಎಂಬಲ್ಲಿ ರಿಚರ್ಡ್ ಡಿ ಕ್ಲೇರ್ ಹತನಾದ. ಆ ಒಂದು ಗೆಲುವಿನಿಂದ ಮುಂದಿನ ಇನ್ನೂರು ವರ್ಷ ಥೋಮಂಡ್ ಐರಿಷ್ ಭಾಷೆ, ಐರಿಷ್ ಕಾನೂನು, ಐರಿಷ್ ದೊರೆಗಳ ನಾಡಾಗಿಯೇ ಉಳಿಯಿತು.

ಈ ಕಾಲದಲ್ಲಿ ‘ಓಬ್ರಿಯನ್’ ಎಂಬುದಕ್ಕೆ ಎರಡು ತೂಕವಿತ್ತು. ಮನೆತನದ ಎಲ್ಲರಿಗೂ ಅದು ಅಡ್ಡಹೆಸರು. ಆದರೆ ಮುಂದೆ ಯಾವ ಹೆಸರೂ ಇಲ್ಲದೆ ಬರಿದೆ ‘ಓಬ್ರಿಯನ್’ ಎಂದರೆ ಅದು ಪಟ್ಟದಲ್ಲಿರುವ ದೊರೆಯೊಬ್ಬನೇ. ಕ್ವಿನ್ ಗ್ರಾಮದ ಬಳಿಯ ಮಾಘ್ ಅಡೇರ್ ದಿಬ್ಬದ ಮೇಲೆ ನಿಂತು ಪಟ್ಟ ಸ್ವೀಕರಿಸಿದವನಿಗೆ ಮಾತ್ರ ಆ ಒಂಟಿ ಹೆಸರು. ಅಲ್ಲೊಂದು ಪವಿತ್ರ ಮರವಿತ್ತು. ಬ್ರಿಯನ್ ಬೊರುವಿನ ಕಾಲದಲ್ಲಿ, 982ರ ಸುಮಾರಿಗೆ, ಅವನನ್ನು ಅವಮಾನಿಸಲು ಮೆಲಾಕಿ ಸೈನ್ಯ ತಂದು ಆ ಮರವನ್ನು ಬುಡಸಮೇತ ಕಡಿಸಿದ್ದ. ಆದರೂ ದಿಬ್ಬದ ಮಹತ್ವ ಕುಗ್ಗಲಿಲ್ಲ.

ಮನೆತನ ಹಬ್ಬಿದಂತೆ ಕವಲುಗಳು ಒಡೆದವು. ಟಿಪ್ಪರೆರಿ ಸೀಮೆಯ ಆರಾ, ಅಹೆರ್ಲೊ ಕಣಿವೆ, ವಾಟರ್‌ಫರ್ಡಿನ ಬೆಟ್ಟದ ತಪ್ಪಲು, ಹೀಗೆ ಒಂದೊಂದು ಕಡೆ ಒಂದೊಂದು ಶಾಖೆ ನೆಲೆಯೂರಿತು. ಕೆಲವು ಶಾಖೆಗಳು ಹೆಸರನ್ನೇ ಬದಲಿಸಿಕೊಂಡವು. ಕ್ಲೇರ್ ಸೀಮೆಯ ಮೆಕ್‌ಮಹೋನರು ಮರ್ಟಾ ಓಬ್ರಿಯನ್‌ನ ಮಗ ಮಹೋನನ ಸಂತತಿ. ಬ್ರಿಯನ್‌ನ ತಂದೆ ಕೆನ್ನೇಟಿಗ್‌ನ ಹೆಸರು ಬ್ರಿಯನ್‌ನ ಅಣ್ಣನ ಮಗನೊಬ್ಬನಿಗೆ ಬಂದಿತ್ತು, ಅವನಿಂದ ಓಕೆನಡಿ ಎಂಬ ಮನೆತನ ಹುಟ್ಟಿತು. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯ ಅಡ್ಡಹೆಸರು ‘ಓ’ ಕಳಚಿದ ಇದೇ ಹೆಸರು.

ಹೆಸರು ತೊರೆದ ದೊರೆ

ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿ ಐರಿಷ್ ದೊರೆಗಳನ್ನು ಪಳಗಿಸಲು ಹೊಸ ಉಪಾಯ ಹೂಡಿದ. ದೊರೆ ತನ್ನ ನೆಲವನ್ನು ರಾಜನಿಗೆ ಒಪ್ಪಿಸಬೇಕು, ರಾಜ ಅದನ್ನೇ ಇಂಗ್ಲಿಷ್ ಕಾನೂನಿನ ಪ್ರಕಾರ ಹಿಂದಿರುಗಿಸಿ ಇಂಗ್ಲಿಷ್ ಬಿರುದು ಕೊಡುತ್ತಾನೆ. 1543ರಲ್ಲಿ ಥೋಮಂಡಿನ ದೊರೆ ಮುರೋ ಓಬ್ರಿಯನ್ ಇಂಗ್ಲೆಂಡಿಗೆ ಹೋಗಿ ಥೋಮಂಡಿನ ಅರ್ಲ್ ಮತ್ತು ಇಂಚಿಕ್ವಿನ್‌ನ ಬ್ಯಾರನ್ ಆದ. ಅದಕ್ಕೆ ಒಂದು ಷರತ್ತು, ‘ಓಬ್ರಿಯನ್’ ಎಂಬ ಒಂಟಿ ಹೆಸರಿನ ಬಿರುದನ್ನು ಅವನು ತ್ಯಜಿಸಬೇಕು. ಅಡ್ಡಹೆಸರು ಉಳಿಯಿತು, ಅದರೊಳಗಿದ್ದ ರಾಜತ್ವ ಹೋಯಿತು.

ಉತ್ತರಾಧಿಕಾರದ ಕ್ರಮವೂ ಅದರೊಂದಿಗೆ ತಲೆಕೆಳಗಾಯಿತು. ಐರಿಷ್ ಪದ್ಧತಿಯಲ್ಲಿ ದೊರೆಯ ಮಗನೇ ದೊರೆಯಾಗಬೇಕಿರಲಿಲ್ಲ. ಮನೆತನದ ಗಂಡಸರಲ್ಲಿ ಸಮರ್ಥನನ್ನು ಆರಿಸುತ್ತಿದ್ದರು. ಇಂಗ್ಲಿಷ್ ಪದ್ಧತಿಯಲ್ಲಿ ಹಿರಿಮಗನಿಗೇ ಎಲ್ಲವೂ. ಮನೆತನಕ್ಕೆಲ್ಲ ಸೇರಿದ್ದ ನೆಲ ಈಗ ಒಬ್ಬನ ಆಸ್ತಿಯಾಯಿತು. ಅದೇ ಅಡ್ಡಹೆಸರಿನ ನೂರಾರು ಜನ ಆ ಒಬ್ಬನ ಗೇಣಿದಾರರಾದರು. ಶ್ರೀಮಂತ ಓಬ್ರಿಯನ್ ಮತ್ತು ಬಡ ಓಬ್ರಿಯನ್ ನಡುವಿನ ಕಂದಕ ಅಗಲವಾದದ್ದು ಇಲ್ಲಿಂದ.

ಒಂದೇ ಹೆಸರು, ಎದುರು ಪಾಳೆಯಗಳು

ಹೊಸ ಅರ್ಲ್‌ಗಳು ಇಂಗ್ಲಿಷ್ ಪಕ್ಷಕ್ಕೆ ನಿಷ್ಠರಾದರು. 1601ರ ಕಿನ್‌ಸೇಲ್ ಕದನದಲ್ಲಿ ಓನೀಲ್ ಮತ್ತು ಓಡೊನೆಲ್‌ರ ಐರಿಷ್ ಸೈನ್ಯ ನುಚ್ಚುನೂರಾದಾಗ, ನಾಲ್ಕನೆಯ ಅರ್ಲ್ ಡೊನೋ ಓಬ್ರಿಯನ್ ರಾಣಿ ಎಲಿಜಬೆತ್‌ಳ ಕಡೆ ಇದ್ದ.

1647ರ ಸೆಪ್ಟೆಂಬರಿನಲ್ಲಿ ಇನ್ನೂ ಕಹಿಯಾದ ಘಟನೆ ನಡೆಯಿತು. ಇಂಗ್ಲಿಷ್ ಪಾರ್ಲಿಮೆಂಟಿನ ಪರ ಹೋರಾಡುತ್ತಿದ್ದ ಇಂಚಿಕ್ವಿನ್‌ನ ಮುರೋ ಓಬ್ರಿಯನ್ ಕ್ಯಾಶಲ್ ಬಂಡೆಗೆ ಮುತ್ತಿಗೆ ಹಾಕಿದ. ಒಳಗೆ ಆಶ್ರಯ ಪಡೆದಿದ್ದ ಸೈನಿಕರು, ಪಾದ್ರಿಗಳು, ಊರಿನ ಜನ ನೂರಾರು ಸಂಖ್ಯೆಯಲ್ಲಿ ಹತರಾದರು. ಅವನದೇ ಮನೆತನದ ಹಿಂದಿನ ದೊರೆ ಮರ್ಟಾ ಚರ್ಚಿಗೆ ದಾನ ಕೊಟ್ಟಿದ್ದು ಇದೇ ಬಂಡೆಯನ್ನು. ಐರಿಷ್ ಜನರ ನೆನಪಿನಲ್ಲಿ ಆ ಮುರೋ ‘ಬೆಂಕಿಗಳ ಮುರೋ’ ಆಗಿ ಉಳಿದ. ಮುಂದೆ ಅವನು ಪಾರ್ಲಿಮೆಂಟನ್ನು ಬಿಟ್ಟು ರಾಜನ ಪಕ್ಷ ಸೇರಿದ, ದೇಶಭ್ರಷ್ಟನಾಗಿದ್ದಾಗ ಕ್ಯಾಥೊಲಿಕ್ ಮತಕ್ಕೆ ಸೇರಿದ.

ಇದೇ ಕಾಲದ ಇನ್ನೊಂದು ವ್ಯಕ್ತಿತ್ವ ಮಾಯ್ರೆ ರುವಾ, ಎಂದರೆ ಕೆಂಗೂದಲ ಮೇರಿ. ಹುಟ್ಟಿದ್ದು ಮೆಕ್‌ಮಹೋನ್ ಮನೆಯಲ್ಲಿ, ಸೇರಿದ್ದು ಲೆಮನೇ ಕೋಟೆಯ ಕಾನರ್ ಓಬ್ರಿಯನ್‌ನ ಮನೆಯನ್ನು. 1651ರಲ್ಲಿ, ಇಂಗ್ಲಿಷ್ ಪಾರ್ಲಿಮೆಂಟಿನ ಸೇನಾನಿ ಕ್ರಾಮ್‌ವೆಲ್ ಸೈನ್ಯದೊಂದಿಗಿನ ಹೋರಾಟದಲ್ಲಿ ಗಂಡ ಸತ್ತಾಗ ಮಕ್ಕಳ ಆಸ್ತಿ ಜಫ್ತಿಯಾಗುವ ಅಪಾಯವಿತ್ತು. ಅವಳು ಕ್ರಾಮ್‌ವೆಲ್ ಪಡೆಯ ಕಿರಿಯ ಅಧಿಕಾರಿ ಜಾನ್ ಕೂಪರ್‌ನನ್ನು ಮದುವೆಯಾಗಿ ಆಸ್ತಿಯನ್ನು ಮಗ ಡೊನೋಗೆ ಉಳಿಸಿಕೊಟ್ಟಳು. ಅವನು ಬ್ಯಾರನೆಟ್ ಆಗಿ ಡ್ರೊಮೊಲಂಡಿಗೆ ನೆಲೆ ಬದಲಿಸಿದ. ಥೋಮಂಡಿನ ಅರ್ಲ್ ಸಾಲು 1741ರಲ್ಲಿ, ಇಂಚಿಕ್ವಿನ್‌ನ ಹಿರಿಯ ಸಾಲು 1855ರಲ್ಲಿ ವಾರಸುದಾರರಿಲ್ಲದೆ ಮುಗಿದಾಗ, ಬ್ಯಾರನ್ ಪದವಿ ದಕ್ಕಿದ್ದು ಈ ಹೆಂಗಸು ಉಳಿಸಿದ ಡ್ರೊಮೊಲಂಡ್ ಶಾಖೆಗೆ. ಲೆಮನೇ ಕೋಟೆ ಈಗ ಛಾವಣಿಯಿಲ್ಲದ ಗೋಡೆಗಳಾಗಿ ನಿಂತಿದೆ.

ಫ್ರಾನ್ಸಿನ ಮಾರ್ಷಲ್, ಟಾಸ್ಮೇನಿಯಾದ ಕೈದಿ

ಮೂರನೆಯ ಅರ್ಲ್‌ನ ಕಿರಿಯ ಮಗನಿಂದ ಬಂದ ಕ್ಲೇರ್ ವೈಕೌಂಟರ ಶಾಖೆ ಕ್ಯಾಥೊಲಿಕ್ ರಾಜ ಎರಡನೆಯ ಜೇಮ್ಸ್‌ನ ಪಕ್ಷ ಹಿಡಿಯಿತು. ಜೇಮ್ಸ್ ಸೋತು, 1691ರ ಅಕ್ಟೋಬರಿನಲ್ಲಿ ಲಿಮರಿಕ್ ಒಪ್ಪಂದವಾದಾಗ, ಸಾವಿರಾರು ಐರಿಷ್ ಸೈನಿಕರು ಫ್ರಾನ್ಸಿಗೆ ಹಡಗು ಹತ್ತಿದರು. ಅವರನ್ನು ಐರಿಷರು ‘ಕಾಡು ಹೆಬ್ಬಾತುಗಳು’ ಎನ್ನುತ್ತಾರೆ. ಕ್ಲೇರ್ ರೆಜಿಮೆಂಟ್ ಫ್ರೆಂಚ್ ಸೈನ್ಯದ ಐರಿಷ್ ಬ್ರಿಗೇಡಿನ ಭಾಗವಾಯಿತು. ಐದನೆಯ ವೈಕೌಂಟ್ 1706ರ ರಾಮಿಯಿ ಕದನದಲ್ಲಿ ಬಿದ್ದ. ಅವನ ಮಗ ಚಾರ್ಲ್ಸ್ ಓಬ್ರಿಯನ್ 1745ರ ಮೇ 11ರಂದು ಫಾಂಟನ್ವಾ ಕದನದಲ್ಲಿ ಬ್ರಿಗೇಡನ್ನು ಮುನ್ನಡೆಸಿ ಇಂಗ್ಲಿಷರ ಸಾಲನ್ನು ಮುರಿಯುವುದರಲ್ಲಿ ಪಾಲುಗೊಂಡ. 1757ರಲ್ಲಿ ಫ್ರಾನ್ಸಿನ ಮಾರ್ಷಲ್ ಆದಾಗ ಅವನು ಇಟ್ಟುಕೊಂಡ ಹೆಸರು ‘ಥೋಮಂಡಿನ ಮಾರ್ಷಲ್’.

ಡ್ರೊಮೊಲಂಡ್ ಶಾಖೆಯಲ್ಲಿ 1803ರಲ್ಲಿ ಹುಟ್ಟಿದವರು ವಿಲಿಯಂ ಸ್ಮಿತ್ ಓಬ್ರಿಯನ್. ಪ್ರೊಟೆಸ್ಟೆಂಟ್ ಜಮೀನ್ದಾರಿ ಮನೆಯ ಮಗ, ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ. 1845ರಲ್ಲಿ ಆರಂಭವಾದ ಮಹಾ ಕ್ಷಾಮ ಅವರ ಮನಸ್ಸನ್ನು ಬದಲಿಸಿತು. ಆಲೂಗಡ್ಡೆಗೆ ತಗುಲಿದ ರೋಗದಿಂದ ಶುರುವಾದ ಆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. 1848ರ ಜುಲೈನಲ್ಲಿ ಟಿಪ್ಪರೆರಿಯ ಬ್ಯಾಲಿಂಗರಿಯಲ್ಲಿ ‘ಯಂಗ್ ಐರ್ಲೆಂಡ್’ ದಂಗೆಗೆ ಸ್ಮಿತ್ ಓಬ್ರಿಯನ್ ನಾಯಕರಾದರು. ಹಸಿದ ಜನರ ಆ ದಂಗೆ ಒಂದು ತೋಟದ ಮನೆಯೊಳಗೆ ಅಡಗಿದ್ದ ಪೊಲೀಸರ ಎದುರು ಕೆಲವೇ ಗಂಟೆಗಳಲ್ಲಿ ಮುಗಿಯಿತು. ಅವರಿಗೆ ಮರಣದಂಡನೆಯಾಯಿತು. ಕ್ಷಮಾದಾನವನ್ನು ಅವರು ಸ್ವೀಕರಿಸದಿದ್ದಾಗ ಗಡೀಪಾರಿಗೆ ದಾರಿಯಾಗಲೆಂದು ಪಾರ್ಲಿಮೆಂಟ್ ಹೊಸ ಕಾನೂನನ್ನೇ ಮಾಡಬೇಕಾಯಿತು. ಇಂದಿನ ಟಾಸ್ಮೇನಿಯಾದಲ್ಲಿ ಐದು ವರ್ಷ ಬಂಧನದಲ್ಲಿದ್ದು, 1856ರಲ್ಲಿ ಪೂರ್ಣ ಕ್ಷಮೆ ಪಡೆದು ಊರಿಗೆ ಮರಳಿದರು. 1864ರಲ್ಲಿ ತೀರಿಕೊಂಡರು. ಡಬ್ಲಿನ್ನಿನ ಓಕಾನೆಲ್ ಬೀದಿಯಲ್ಲಿ ಅವರ ಪ್ರತಿಮೆ ಇದೆ.

‘ಓ’ ಹೋದದ್ದು, ಬಂದದ್ದು

ಇಂಗ್ಲಿಷ್ ಆಡಳಿತ ಐರಿಷ್ ಹೆಸರುಗಳ ಮೇಲೆ ಬಹಳ ಹಿಂದಿನಿಂದ ಕಣ್ಣಿಟ್ಟಿತ್ತು. 1465ರ ಕಾನೂನೊಂದು ಡಬ್ಲಿನ್ ಸುತ್ತಲಿನ ಇಂಗ್ಲಿಷ್ ಸೀಮೆಯ ಐರಿಷರು ಊರು, ಬಣ್ಣ ಅಥವಾ ಕಸುಬಿನ ಇಂಗ್ಲಿಷ್ ಹೆಸರನ್ನು ಇಟ್ಟುಕೊಳ್ಳಬೇಕೆಂದು ವಿಧಿಸಿತ್ತು. ಹದಿನೇಳನೆಯ ಶತಮಾನದ ಸೋಲುಗಳ ನಂತರ ಒತ್ತಡ ಎಲ್ಲೆಡೆ ಹಬ್ಬಿತು. ಕ್ಯಾಥೊಲಿಕರಿಗೆ ಭೂಮಿ, ಓದು, ನೌಕರಿ ನಿರ್ಬಂಧಿಸಿದ ಕಾಲದಲ್ಲಿ ‘ಓ’ ಮತ್ತು ‘ಮ್ಯಾಕ್’ ಹೊತ್ತ ಹೆಸರು ಹಿಂದುಳಿದವನ ಗುರುತಾಯಿತು. ಜನ ಅದನ್ನು ಕಳಚಿಟ್ಟರು. ಓಸಲಿವನ್ ಬರೀ ಸಲಿವನ್ ಆದ, ಓಮರ್ಫಿ ಮರ್ಫಿಯಾದ, ಓಬ್ರಿಯನ್ನರಲ್ಲಿ ಅನೇಕರು ಬ್ರಿಯನ್, ಬ್ರಯನ್ ಆದರು.

ಆದರೆ ಮರ್ಫಿ, ಕೆಲ್ಲಿಗಳ ‘ಓ’ ಬಹುಮಟ್ಟಿಗೆ ಶಾಶ್ವತವಾಗಿ ಹೋಯಿತು, ಓಬ್ರಿಯನ್ ಮತ್ತು ಓನೀಲ್‌ಗಳದ್ದು ಉಳಿಯಿತು, ಇಲ್ಲವೇ ಬೇಗ ಮರಳಿತು. 1890ರ ಜನನ ನೋಂದಣಿಯ ಆಧಾರದ ಮೇಲೆ ನೋಂದಣಿ ಅಧಿಕಾರಿ ರಾಬರ್ಟ್ ಮ್ಯಾಥೆಸನ್ ಮಾಡಿದ ಅಂದಾಜಿನಲ್ಲಿ ಮರ್ಫಿ 62,600 ಜನರೊಂದಿಗೆ ಮೊದಲು, ನಂತರ ಕೆಲ್ಲಿ, ಸಲಿವನ್, ವಾಲ್ಷ್, ಸ್ಮಿತ್. ಆರನೆಯದು ಓಬ್ರಿಯನ್, 33,400 ಜನ. ಮೊದಲ ಆರರಲ್ಲಿ ‘ಓ’ ಸಮೇತ ಕಾಣುವ ಹೆಸರು ಇದೊಂದೇ. ರಾಜಾಧಿರಾಜನ ನೆನಪು ಅಂಟಿದ್ದ ಹೆಸರನ್ನು ಅರ್ಧ ಮಾಡಲು ಜನರಿಗೆ ಮನಸ್ಸು ಬಾರದಿದ್ದುದು ಇದಕ್ಕೆ ಸಹಜವಾದ ಕಾರಣ. 1893ರಲ್ಲಿ ಗೇಲಿಕ್ ಲೀಗ್ ಸ್ಥಾಪನೆಯಾಗಿ ಭಾಷಾಭಿಮಾನ ಮರಳಿದಾಗ ಕಳಚಿಟ್ಟವರಲ್ಲಿ ಅನೇಕರು ‘ಓ’ವನ್ನು ಮತ್ತೆ ತೊಟ್ಟರು.

ಇಂಗ್ಲಿಷಿನಲ್ಲಿ ‘ಓ’ ಪಕ್ಕ ಕಾಣುವ ಮೇಲ್ಚಿಹ್ನೆ ಐರಿಷ್ ಬರಹದ್ದಲ್ಲ. ಐರಿಷಿನಲ್ಲಿ ಆ ಅಕ್ಷರದ ನೆತ್ತಿಯ ಮೇಲೆ ದೀರ್ಘದ ಗೀಟು ಇರುತ್ತದೆ, ನಂತರ ಒಂದು ತೆರಪು. ಐರಿಷಿನಲ್ಲಿ ಹೆಣ್ಣುಮಕ್ಕಳ ಹೆಸರು ಬೇರೆಯೇ ರೂಪ ತಳೆಯುತ್ತದೆ. ಮಗಳಾದರೆ ‘ನೀ ವ್ರಿಯಿನ್’, ಹೆಂಡತಿಯಾದರೆ ‘ಬ್ಯಾನ್ ಈ ವ್ರಿಯಿನ್’. ಮೊಮ್ಮಗ ಎಂಬ ಪದವನ್ನು ಹೆಣ್ಣಿಗೆ ಹಾಗೇ ಅಂಟಿಸುವುದು ಆ ಭಾಷೆಗೆ ಒಗ್ಗದು. ಇಂಗ್ಲಿಷ್ ರೂಪದಲ್ಲಿ ಆ ವ್ಯತ್ಯಾಸ ಅಳಿಸಿಹೋಯಿತು. ಲಿಮರಿಕ್ಕಿನ ಕಾದಂಬರಿಗಾರ್ತಿ ಕೇಟ್ ಓಬ್ರಿಯನ್, ಕ್ಲೇರ್ ಸೀಮೆಯ ಟುವಮ್‌ಗ್ರೇನಿಯಲ್ಲಿ 1930ರಲ್ಲಿ ಹುಟ್ಟಿದ ಎಡ್ನಾ ಓಬ್ರಿಯನ್ ಇಬ್ಬರೂ ಗಂಡುರೂಪದ ಹೆಸರಲ್ಲೇ ಬರೆದರು. ಇಬ್ಬರ ಕೆಲವು ಪುಸ್ತಕಗಳನ್ನು ಐರ್ಲೆಂಡ್ ನಿಷೇಧಿಸಿತು, ಇಬ್ಬರೂ ಐರಿಷ್ ಹೆಣ್ಣಿನ ಒಳಬದುಕಿಗೆ ಮಾತು ಕೊಟ್ಟರು.

ಕಡಲಾಚೆ

ಕ್ಷಾಮಕ್ಕೆ ಮುಂಚೆಯೇ ಈ ಹೆಸರು ಅಟ್ಲಾಂಟಿಕ್ ದಾಟಿತ್ತು. 1775ರ ಜೂನಿನಲ್ಲಿ ಮೇನ್ ಪ್ರದೇಶದ ಮಚಾಯಸ್ ಬಂದರಿನಲ್ಲಿ ಜೆರೆಮಾಯ ಓಬ್ರಿಯನ್ ಮತ್ತು ಅವರ ಸೋದರರು ಊರವರ ಜೊತೆಗೂಡಿ ಬ್ರಿಟಿಷರ ಸಶಸ್ತ್ರ ಹಡಗೊಂದನ್ನು ಸೆರೆಹಿಡಿದರು. ಅಮೆರಿಕದ ಸ್ವಾತಂತ್ರ್ಯ ಸಮರದ ಮೊದಲ ನೌಕಾ ಕಾಳಗವೆಂದು ಅದನ್ನು ಗಣಿಸುತ್ತಾರೆ. ಅವರ ಹೆಸರಿನ ಸರಕು ಹಡಗು 1944ರ ನಾರ್ಮಂಡಿ ಕಾರ್ಯಾಚರಣೆಯಲ್ಲಿ ಸಾಮಗ್ರಿ ಸಾಗಿಸಿತು. ಈಗ ಸಾನ್ ಫ್ರಾನ್ಸಿಸ್ಕೋದಲ್ಲಿ ವಸ್ತುಸಂಗ್ರಹಾಲಯವಾಗಿದೆ. ಕ್ಷಾಮದ ನಂತರ ಬಾಸ್ಟನ್, ನ್ಯೂಯಾರ್ಕ್, ಮೆಲ್ಬರ್ನ್‌ಗಳಲ್ಲಿ ಓಬ್ರಿಯನ್ನರು ಸಾಮಾನ್ಯ ಕಾರ್ಮಿಕರಾಗಿ ಇಳಿದರು.

ಭಾರತದಲ್ಲಿ ಈ ಹೆಸರು ಆಂಗ್ಲೋ ಇಂಡಿಯನ್ ಸಮುದಾಯದಲ್ಲಿ ಬೇರೂರಿತು. ಕೋಲ್ಕತ್ತದ ನೀಲ್ ಓಬ್ರಿಯನ್ 1967ರಲ್ಲಿ ಅಲ್ಲಿ ಸಾರ್ವಜನಿಕ ಕ್ವಿಜ್ ಸ್ಪರ್ಧೆ ಆರಂಭಿಸಿ ದೇಶದ ಕ್ವಿಜ್ ಸಂಸ್ಕೃತಿಗೆ ತಳಪಾಯ ಹಾಕಿದರು, ಲೋಕಸಭೆಯ ನಾಮನಿರ್ದೇಶಿತ ಸದಸ್ಯರೂ ಆಗಿದ್ದರು. ಬೋರ್ನ್‌ವಿಟಾ ಕ್ವಿಜ್ ಕಾರ್ಯಕ್ರಮದ ಮೂಲಕ ಕನ್ನಡದ ಮನೆಗಳಿಗೂ ಪರಿಚಿತರಾದ, ಈಗ ರಾಜ್ಯಸಭಾ ಸದಸ್ಯರಾಗಿರುವ ಡೆರೆಕ್ ಓಬ್ರಿಯನ್ ಅವರ ಮಗ.

ಹೆಸರು ಮತ್ತು ರಕ್ತ

ಓಬ್ರಿಯನ್ ಎಂದಾಕ್ಷಣ ಎಲ್ಲರೂ ಬ್ರಿಯನ್ ಬೊರುವಿನ ಸಂತತಿ ಎನ್ನಲಾಗದು. ದೊರೆಯ ಆಶ್ರಯದಲ್ಲಿದ್ದ ಬೇರೆ ಮನೆಗಳವರು ದೊರೆಯ ಹೆಸರನ್ನು ಇಟ್ಟುಕೊಂಡದ್ದುಂಟು. ಧ್ವನಿಯಲ್ಲಿ ಹತ್ತಿರವಿದ್ದ ಇತರ ಐರಿಷ್ ಹೆಸರುಗಳನ್ನು ಗುಮಾಸ್ತರು ಓಬ್ರಿಯನ್ ಎಂದು ಬರೆದದ್ದೂ ಉಂಟು. ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ಕ್ರೋಮೋಸೋಮಿನ ಅಧ್ಯಯನಗಳು ದಾಲ್ ಗಾಶ್ ಕುಲದ ಅನೇಕ ಅಡ್ಡಹೆಸರಿನವರಲ್ಲಿ ‘ಎಲ್226’ ಎಂಬ ಒಂದೇ ಗುರುತನ್ನು ಕಂಡಿವೆ. ಓಬ್ರಿಯನ್ನರಲ್ಲಿ ಅದು ಇರುವವರೂ ಇದ್ದಾರೆ, ಇಲ್ಲದವರೂ ಇದ್ದಾರೆ.

ಬ್ರಿಯನ್‌ಗೆ ಸೇರಿದ್ದೆಂದು ಹೇಳುವ ವಸ್ತುಗಳ ಕಥೆಯೂ ಹೀಗೆಯೇ. ಟ್ರಿನಿಟಿ ಕಾಲೇಜಿನಲ್ಲಿರುವ ‘ಬ್ರಿಯನ್ ಬೊರು ಹಾರ್ಪ್’ ಐರ್ಲೆಂಡಿನ ರಾಷ್ಟ್ರಲಾಂಛನಕ್ಕೆ ಮಾದರಿ. ಆದರೆ ಆ ತಂತಿವಾದ್ಯ ತಯಾರಾದದ್ದು ಬ್ರಿಯನ್ ಸತ್ತು ಮೂರು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಮೊಹರ್ ಬಂಡೆಗಳ ನೆತ್ತಿಯ ಓಬ್ರಿಯನ್ ಗೋಪುರವನ್ನು 1835ರಲ್ಲಿ ಸ್ಥಳೀಯ ಜಮೀನ್ದಾರ ಕಾರ್ನೀಲಿಯಸ್ ಓಬ್ರಿಯನ್ ಕಟ್ಟಿಸಿದರು. ಡ್ರೊಮೊಲಂಡ್ ಕೋಟೆ 1962ರಲ್ಲಿ ಮಾರಾಟವಾಗಿ ಹೋಟೆಲಾಯಿತು. ಸ್ವತಂತ್ರ ಐರ್ಲೆಂಡಿನ ವಂಶಾವಳಿ ಕಚೇರಿ ಇಂಚಿಕ್ವಿನ್‌ನ ಬ್ಯಾರನ್‌ರನ್ನು ‘ಓಬ್ರಿಯನ್’ ಎಂದೇ, 1543ರಲ್ಲಿ ತೊರೆದ ಆ ಒಂಟಿ ಹೆಸರಿನಿಂದಲೇ, ಮನೆತನದ ಮುಖ್ಯಸ್ಥರೆಂದು ಮಾನ್ಯ ಮಾಡಿತ್ತು. 2003ರಲ್ಲಿ ಸರ್ಕಾರ ಆ ಪದ್ಧತಿಯನ್ನು ನಿಲ್ಲಿಸಿತು.

ಥೋಮಂಡ್ ಎಂಬ ರಾಜ್ಯ ಈಗ ಇಲ್ಲ, ಅರ್ಲ್ ಪದವಿಯೂ ಇಲ್ಲ, ಮಾಘ್ ಅಡೇರ್ ದಿಬ್ಬದ ಮೇಲೆ ಹುಲ್ಲು ಬೆಳೆದಿದೆ. ಹೆಸರನ್ನು ಉಳಿಸಿದವರು ಕೋಟೆಯ ಓಬ್ರಿಯನ್ನರಿಗಿಂತ ಹೆಚ್ಚಾಗಿ ಗೇಣಿ ಹೊಲದ, ವಲಸೆ ಹಡಗಿನ, ಕಾರ್ಖಾನೆಯ ಓಬ್ರಿಯನ್ನರು. ಸಾವಿರ ವರ್ಷದ ಹಿಂದೆ ಟರ್ಲೋ ಎಂಬ ತಬ್ಬಲಿ ರಾಜಕುಮಾರನ ಹಕ್ಕನ್ನು ಸಾರಲು ಬಳಕೆಯಾದ ‘ಮೊಮ್ಮಗ’ ಎಂಬ ಪದ ಇಂದು ಅವರೆಲ್ಲರ ಸ್ವತ್ತು.